ಹಿಂದಿನ ಸೀಟಿನ ತೀರ್ಪು

ಷೋರೂಮಿನ ಟೆಸ್ಟ್ ಡ್ರೈವ್‌ಗೂ ಹಳೆಯ ಕಾಲದ ಹೆಣ್ಣು ನೋಡುವ ಶಾಸ್ತ್ರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಕಾರನ್ನು ಬೆಳಿಗ್ಗೆಯೇ ತೊಳೆದು, ಒರೆಸಿ, ಹೊಳಪು ಕೊಟ್ಟು ನಿಲ್ಲಿಸಿರುತ್ತಾರೆ. ಕಾಫಿ ಬರುತ್ತದೆ. ಹಾಡು ಒಂದು ಇದ್ದೇ ಇರುತ್ತದೆ. ಹೊರಟರೆ ಹತ್ತು ನಿಮಿಷ. ನುಣುಪಾದ ರಸ್ತೆಯಲ್ಲಿ ಎರಡು ಎಡ ತಿರುವು, ಒಂದು ಬಲ ತಿರುವು, ವಾಪಸು. ‘ಹೇಗಿದೆ ಸರ್?’ ಎಂದು ಮಾರಾಟದ ಹುಡುಗ ಕೇಳುತ್ತಾನೆ. ‘ಚೆನ್ನಾಗಿದೆ’ ಎನ್ನದೆ ಬೇರೆ ಏನು ಹೇಳಲು ಸಾಧ್ಯ? ಅಷ್ಟು ಹೊತ್ತು ಯಾವ ಕಾರೂ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದರೊಡನೆ ಹತ್ತು ಹನ್ನೆರಡು ವರ್ಷ ಸಂಸಾರ.

ಹಿಂದೆ ಈ ತಾಪತ್ರಯವೇ ಇರಲಿಲ್ಲ. ಆಯ್ಕೆ ಇದ್ದರೆ ತಾನೇ ಪರೀಕ್ಷೆ? ಡಿಕ್ಕಿ ಇರುವ ಕಾರು ಬೇಕೆಂದರೆ ಕೋಲ್ಕತ್ತ ಬಳಿಯ ಉತ್ತರಪಾರಾದಿಂದ ಬರುತ್ತಿದ್ದ ಅಂಬಾಸಡರ್, ಇಲ್ಲವೇ ಮುಂಬೈಯ ಕುರ್ಲಾದಿಂದ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿ. ಹಣ ಕಟ್ಟಿ ವರ್ಷಗಟ್ಟಲೆ ಕಾದವನು ಕಾರು ಬಂದ ದಿನ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುತ್ತಿದ್ದನೇ ಹೊರತು ಕಾರಿನ ಗುಣಾವಗುಣ ವಿಚಾರಿಸುತ್ತಿರಲಿಲ್ಲ. 1990ರಲ್ಲಿ ಮಾರುತಿ 1000 ಬಂತು. 1993ರಲ್ಲಿ ಕಾರು ತಯಾರಿಸಲು ಲೈಸೆನ್ಸ್ ಬೇಕೆಂಬ ಕಟ್ಟುಪಾಡು ಹೋಯಿತು. 1994ರಲ್ಲಿ ಎಸ್ಟೀಮ್, 1995ರಲ್ಲಿ ಸಿಯೆಲೊ, 1998ರಲ್ಲಿ ಹೋಂಡಾ ಸಿಟಿ. ‘ಡಿಕ್ಕಿ ಕಾರು’ ಎನ್ನುತ್ತಿದ್ದ ಜನ ‘ಸೆಡಾನ್’ ಎನ್ನಲು ಕಲಿತದ್ದು ಈ ಹತ್ತು ವರ್ಷಗಳಲ್ಲೇ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಅದರಲ್ಲಿ ಓಡಾಡಿದ ಹಳಬರು ಇಂದಿಗೂ ನೆನೆಯುವುದು ಅದರ ಎಂಜಿನನ್ನಲ್ಲ, ಸ್ಟೇರಿಂಗನ್ನಂತೂ ಅಲ್ಲವೇ ಅಲ್ಲ. ಸೋಫಾದಂಥ ಅದರ ಹಿಂದಿನ ಸೀಟನ್ನು.

ಈ ನೆನಪಿನಲ್ಲಿ ಒಂದು ವಿವೇಕವಿದೆ. ಕಾರು ಓಡಿಸುವವನು ಒಬ್ಬ, ಕೂರುವವರು ಮೂವರೋ ನಾಲ್ವರೋ. ಆದರೆ ಟೆಸ್ಟ್ ಡ್ರೈವ್ ಎಂಬ ಹೆಸರೇ ಓಡಿಸುವವನ ಪರವಾಗಿದೆ. ಯಜಮಾನ ಒಬ್ಬನೇ ಹೋಗುತ್ತಾನೆ, ಇಲ್ಲವೇ ಕಾರಿನ ಹುಚ್ಚಿರುವ ಸ್ನೇಹಿತನನ್ನು ಕರೆದೊಯ್ಯುತ್ತಾನೆ. ‘ಪಿಕಪ್ ಸೂಪರ್’ ಎಂಬ ಒಂದು ಮಾತಿನ ಮೇಲೆ ಮುಂಗಡ ಕಟ್ಟಿ ಬರುತ್ತಾನೆ. ಮನೆಯವರು ಕಾರಿನೊಳಗೆ ಮೊದಲ ಬಾರಿ ಕೂರುವುದು ಅದು ಮನೆಯ ಮುಂದೆ ಬಂದು ನಿಂತ ದಿನ. ಆಗ ಸೊಂಟ ನೋವು, ಮಂಡಿ ನೋವು, ವಾಂತಿ ಎಂದರೆ ಯಾರು ಕೇಳಬೇಕು?

ಹಾಸನದಲ್ಲಿ ಒಂದು ಮನೆ ಎಂದು ಇಟ್ಟುಕೊಳ್ಳಿ. ಮನೆಯ ಯಜಮಾನರು ಬ್ಯಾಂಕ್ ನೌಕರರು, ವಯಸ್ಸು ಐವತ್ತರ ಹತ್ತಿರ. ತಾಯಿಗೆ ಎಪ್ಪತ್ತನಾಲ್ಕು, ಒಂದು ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದು ಸರದಿಯಲ್ಲಿದೆ. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ತಾಯಿಯ ಡಾಕ್ಟರೂ ಅಲ್ಲೇ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ದಾರಿ, ನಡುವೆ ಶಿರಾಡಿ ಘಾಟಿ. ತಿಂಗಳಿಗೊಮ್ಮೆ ಹೋಗಿಬರುವುದು ತಪ್ಪಿದ್ದಲ್ಲ. ಹೆಂಡತಿಗೆ ಘಾಟಿ ಎಂದರೆ ಸಕಲೇಶಪುರ ದಾಟುವ ಮೊದಲೇ ಹೊಟ್ಟೆ ತೊಳಸು. ಹಳೆಯ ಸಣ್ಣ ಕಾರು ಸಾಕಾಗಿದೆ. ಗಳಿಸಿದ ರಜೆಯ ಹಣ ಒಂದಿಷ್ಟು, ಉಳಿದದ್ದು ಸಾಲ. ಇದು ಆ ಮನೆಯ ಕೊನೆಯ ದೊಡ್ಡ ಖರೀದಿ. ಮುಂದಿನದು ಮಗಳ ಮದುವೆ. ತಪ್ಪಿ ಹೋದರೆ ತಿದ್ದಿಕೊಳ್ಳಲು ಅವಕಾಶವಿಲ್ಲ.

ನೆರೆಹೊರೆಯವರೆಲ್ಲ ಎಸ್‌ಯುವಿ ತೆಗೆದುಕೊಳ್ಳಿ ಎನ್ನುತ್ತಾರೆ. ಯಜಮಾನರಿಗೆ ಸೆಡಾನ್ ಮೇಲೆ ಮನಸ್ಸು. ಇದು ಬರೀ ಆಸೆಯ ಮಾತಲ್ಲ. ಕಾರಿನ ತೂಕ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಅದು ವಾಲುವುದು ಕಡಿಮೆ. ವಾಲಾಟ ಕಡಿಮೆಯಾದರೆ ಹಿಂದೆ ಕೂತವರ ಹೊಟ್ಟೆಗೂ ಕ್ಷೇಮ. ಗುಂಡ್ಯದವರೆಗಿನ ಇಳಿಜಾರಿನಲ್ಲಿ ಎತ್ತರದ ಗಾಡಿಗಿಂತ ಸೆಡಾನ್ ಹಿತ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಆದರೆ ಇದೇ ತಗ್ಗು ಮಂಡಿ ನೋವಿನವರಿಗೆ ಶತ್ರು. ತಗ್ಗಿನ ಸೀಟಿಗೆ ಇಳಿದು ಕೂರಬೇಕು, ಮತ್ತೆ ಏಳುವಾಗ ಮೈಭಾರವೆಲ್ಲ ಮಂಡಿಯ ಮೇಲೆ. ಹೀಗೆ ಒಂದೇ ಮನೆಯಲ್ಲಿ ಸೊಸೆಯ ಹೊಟ್ಟೆ ಸೆಡಾನ್ ಬೇಕೆನ್ನುತ್ತದೆ, ಅತ್ತೆಯ ಮಂಡಿ ಬೇಡವೆನ್ನುತ್ತದೆ. ಈ ವ್ಯಾಜ್ಯವನ್ನು ಯಾವ ಬಣ್ಣದ ಕೈಪಿಡಿಯೂ ಬಗೆಹರಿಸಲಾರದು. ಇಬ್ಬರನ್ನೂ ಷೋರೂಮಿಗೆ ಕರೆದೊಯ್ಯಬೇಕು.

ಕರೆದೊಯ್ಯುವ ಮೊದಲು ಸೆಡಾನ್‌ಗಳಲ್ಲೇ ಇರುವ ಎರಡು ಜಾತಿಯನ್ನು ತಿಳಿದಿರುವುದು ಒಳ್ಳೆಯದು. ನಾಲ್ಕು ಮೀಟರಿನ ಒಳಗಿನದು ಒಂದು, ಹೊರಗಿನದು ಇನ್ನೊಂದು. ಈ ಗೆರೆಯನ್ನು ಎಳೆದದ್ದು ಯಾವ ವಿನ್ಯಾಸಗಾರನೂ ಅಲ್ಲ, ಕೇಂದ್ರ ಬಜೆಟ್. 2006ರಲ್ಲಿ ಹಣಕಾಸು ಸಚಿವ ಪಿ. ಚಿದಂಬರಂ ಅವರು ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಕಂಪೆನಿಗಳು ಅಳತೆಪಟ್ಟಿ ಹಿಡಿದವು. 2008ರಲ್ಲಿ ಟಾಟಾ ಇಂಡಿಗೊದ ಬೆನ್ನು ಕತ್ತರಿಸಿ ‘ಸಿಎಸ್’ ಎಂದು ಹೆಸರಿಟ್ಟಿತು. ಅದೇ ವರ್ಷ 4.16 ಮೀಟರ್ ಉದ್ದವಿದ್ದ ಮಾರುತಿ ಡಿಜೈರ್ 2012ರ ಹೊತ್ತಿಗೆ 3.995 ಮೀಟರಿಗೆ ಕುಗ್ಗಿತು. ಆ ಕಾಲದ ಕೆಲವು ಕಾರುಗಳನ್ನು ಪಕ್ಕದಿಂದ ನೋಡಿದರೆ ಸಾಲು ಮುಗಿಯುವ ಮೊದಲೇ ಪೂರ್ಣವಿರಾಮ ಹಾಕಿದಂತೆ ಕಾಣುತ್ತದೆ. ಗೆರೆ ಮಾತ್ರ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲೂ ಗೆರೆಯ ಒಳಗಿನ ಸಣ್ಣ ಕಾರಿಗೆ ಶೇ 18, ದಾಟಿದ್ದಕ್ಕೆ ಶೇ 40.

2024ರ ನವೆಂಬರ್‌ನಲ್ಲಿ ಬಂದ ಡಿಜೈರ್, ಡಿಸೆಂಬರ್‌ನಲ್ಲಿ ಬಂದ ಹೋಂಡಾ ಅಮೇಜ್ ಗೆರೆಯ ಒಳಗಿನವು. 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, 2023ರಲ್ಲಿ ಹೊಸ ರೂಪ ತಳೆದ ಹ್ಯುಂಡೈ ವೆರ್ನಾ ಹೊರಗಿನವು. ಉದ್ದ ನಾಲ್ಕೂವರೆ ಮೀಟರಿಗೂ ಹೆಚ್ಚು. ಈ ಅರ್ಧ ಮೀಟರ್ ಎಲ್ಲಿ ಸೇರುತ್ತದೆ ಎಂದರೆ ಬಹುಪಾಲು ಹಿಂದೆಯೇ: ಹಿಂದಿನವರ ಕಾಲಿಗೆ ಸ್ವಲ್ಪ, ಡಿಕ್ಕಿಗೆ ಸಾಕಷ್ಟು. ಡಿಜೈರ್‌ನ ಡಿಕ್ಕಿ 382 ಲೀಟರ್, ಅಮೇಜ್‌ನದು 416, ಸ್ಲಾವಿಯಾದ್ದು 521, ವೆರ್ನಾದ್ದು 528.

ಲೀಟರ್ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಡಿಕ್ಕಿಯೊಳಗೆ ಯಾರೂ ನೀರು ತುಂಬುವುದಿಲ್ಲ. ಬಾಯಿ ಎಷ್ಟು ಅಗಲ, ಅಂಚು ಎಷ್ಟು ಎತ್ತರ, ಮುಚ್ಚಳದ ಕೊಕ್ಕೆಗಳು ಒಳಗಿಳಿದು ಪೆಟ್ಟಿಗೆಯ ಮೇಲೆ ಕೂರುತ್ತವೆಯೇ ಎಂಬುದು ಮುಖ್ಯ. ಹಾಸನದ ಮನೆಯವರ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ: ಅಜ್ಜಿಯ ವಾಕರ್ ಹಿಡಿಸುತ್ತದೆಯೇ? ಮಡಚಿದ ವಾಕರ್, ಎರಡು ಸೂಟ್‌ಕೇಸ್, ಮಗಳ ಹಾಸ್ಟೆಲ್‌ಗೆ ಒಯ್ಯುವ ತಿಂಡಿಯ ಡಬ್ಬಗಳ ಚೀಲ. ಇವಿಷ್ಟನ್ನೂ ಷೋರೂಮಿಗೆ ಹೊತ್ತೊಯ್ದು ಇಟ್ಟು ನೋಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹತ್ತು ಲಕ್ಷ ಕೊಡುವವನಿಗೆ ಡಿಕ್ಕಿ ತೆರೆದು ನೋಡುವ ಹಕ್ಕಿದೆ. ಪೆಟ್ರೋಲ್ ಉಳಿಸಲು ಸಿಎನ್‌ಜಿ ಗಾಡಿ ಕೊಳ್ಳುವ ಯೋಚನೆಯಿದ್ದರೆ ಈ ಪರೀಕ್ಷೆ ಇನ್ನೂ ಅಗತ್ಯ. ಸಿಲಿಂಡರ್ ಮಲಗುವುದು ಡಿಕ್ಕಿಯಲ್ಲೇ. ಟಾಟಾದವರು 2023ರಲ್ಲಿ ಟಿಗೋರ್‌ಗೆ ಒಂದು ದೊಡ್ಡ ಸಿಲಿಂಡರ್ ಬದಲು ಎರಡು ಸಣ್ಣ ಸಿಲಿಂಡರ್‌ಗಳನ್ನು ತಳದಲ್ಲಿ ಜೋಡಿಸಿ ಜಾಗ ಉಳಿಸಿದ್ದು ಇದೇ ದೂರಿನಿಂದ.

ಈಗ ಬಾಗಿಲು. ಅಜ್ಜಿ ಹಿಂದಿನ ಸೀಟಿಗೆ ಹತ್ತಬೇಕು, ಇಳಿಯಬೇಕು. ಒಂದು ಸಲವಲ್ಲ, ಮೂರು ಸಲ. ಮೊದಲ ಸಲ ಎಲ್ಲರೂ ಹೇಗೋ ಹತ್ತುತ್ತಾರೆ, ಮೂರನೆಯ ಸಲ ನಿಜ ಗೊತ್ತಾಗುತ್ತದೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲು ದಾಟುವಾಗ ಸೀರೆಯ ಅಂಚು ಸಿಕ್ಕುತ್ತದೆಯೇ, ಹಿಂದಕ್ಕೆ ಜಾರುವ ಸೂರು ತಲೆಗೆ ತಾಗುತ್ತದೆಯೇ, ಹಿಡಿದುಕೊಳ್ಳಲು ಮೇಲೆ ಹಿಡಿ ಇದೆಯೇ ಎಲ್ಲವನ್ನೂ ನೋಡಬೇಕು. ಸ್ಟೈಲಿಗಾಗಿ ಸೂರನ್ನು ಇಳಿಜಾರು ಮಾಡಿದ ಉದ್ದದ ಸೆಡಾನ್‌ಗಳಲ್ಲಿ ಕಾಲಿಗೆ ಜಾಗ ಧಾರಾಳವಿದ್ದೂ ತಲೆ ತಗ್ಗಿಸಿಯೇ ಒಳಹೋಗಬೇಕಾದ ಸಂಕಟವುಂಟು. ಅಜ್ಜಿ ಮೂರನೆಯ ಸಲ ಇಳಿಯುವಾಗ ಬಾಗಿಲನ್ನು ಹಿಡಿದು ನಿಂತು, ‘ಒಳಗೆ ಕೂತರೆ ಹಾಯಾಗಿದೆ ಕಣೋ, ಏಳೋದೇ ಆಗಲ್ಲ’ ಎನ್ನುತ್ತಾರೆ. ಮಾರಾಟದ ಹುಡುಗ, ‘ಅಭ್ಯಾಸ ಆಗುತ್ತೆ ಅಜ್ಜಿ’ ಎನ್ನುತ್ತಾನೆ. ಎಪ್ಪತ್ತನಾಲ್ಕರ ಮಂಡಿಗೆ ಹೊಸ ಅಭ್ಯಾಸಗಳಾಗುವುದಿಲ್ಲ.

ಆಗ ಸೊಸೆಗೆ ಹೊಳೆಯುವ ಉಪಾಯವೇ ಕೊನೆಗೆ ಈ ಮನೆಯ ದಾರಿಯಾಗುತ್ತದೆ. ‘ಅತ್ತೆ, ನೀವು ಮುಂದೆ ಕೂತು ನೋಡಿ.’ ಮುಂದಿನ ಬಾಗಿಲು ಹಿಂದಿನದಕ್ಕಿಂತ ಅಗಲ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬಹುದು. ಆದರೆ ಇಲ್ಲೊಂದು ತೊಡಕಿದೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ: ಸೀಟನ್ನು ಎತ್ತರಿಸುವ ಸನ್ನೆ ಬಹಳಷ್ಟು ಕಾರುಗಳಲ್ಲಿ ಚಾಲಕನ ಸೀಟಿಗೆ ಮಾತ್ರ ಇರುತ್ತದೆ. ಎಡಗಡೆಯ ಸೀಟಿಗೂ ಬೇಕೆಂದರೆ ಮೇಲಿನ ದರ್ಜೆಗೆ ಹೋಗಬೇಕು, ಅಥವಾ ಬೇರೆ ಕಾರಿಗೇ ಹೋಗಬೇಕು. ಮೇಲ್ಛಾವಣಿಯಲ್ಲಿ ಕಿಟಕಿ, ಹತ್ತಿಂಚಿನ ಪರದೆ ಇವುಗಳಿಗೆ ಹೆಚ್ಚಿನ ಹಣ ಕೊಡುವ ಮುನ್ನ ಈ ಒಂದು ಸನ್ನೆಯನ್ನು ಹುಡುಕುವುದು ಈ ಮನೆಗೆ ಲಾಭ.

ಅಜ್ಜಿ ಮುಂದೆ ಬಂದರೆ ಸೊಸೆ ಹಿಂದೆ. ಹೋಗಿ ಬರುವ 340 ಕಿ.ಮೀ. ಹಿಂದಿನ ಸೀಟಿನಲ್ಲಿ ಕಳೆಯುವವರು ಅವರು. ಆದ್ದರಿಂದ ಟೆಸ್ಟ್ ಡ್ರೈವ್‌ನಲ್ಲೂ ಅವರು ಅಲ್ಲೇ ಕೂರಬೇಕು, ಮುಂದಿನ ಸೀಟು ಪೂರ್ತಿ ಹಿಂದೆ ಸರಿದಿರುವಾಗಲೇ ಕೂರಬೇಕು. ತೊಡೆಗೆ ಸೀಟಿನ ಆಸರೆ ಮಂಡಿಯವರೆಗೂ ಸಿಗುತ್ತದೆಯೇ? ತಗ್ಗಿನ ಸೀಟಿನಲ್ಲಿ ಮಂಡಿ ಮೇಲೆದ್ದು ತೊಡೆ ಗಾಳಿಯಲ್ಲಿ ನಿಂತರೆ ಒಂದು ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಕಿಟಕಿ ಎಷ್ಟು ಎತ್ತರದಲ್ಲಿದೆ? ಹೊರಗಿನ ದಾರಿ ಕಾಣದವರಿಗೇ ವಾಂತಿಯ ಬಾಧೆ ಹೆಚ್ಚು; ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ, ಹೊಟ್ಟೆ ನಡುವೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಬಣ್ಣದ ಒಳಾಂಗಣ, ಸಣ್ಣ ಕಿಟಕಿ, ಏರಿದ ಗೆರೆ ಇವೆಲ್ಲ ಫೋಟೋದಲ್ಲಿ ಚೆಂದ.

ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 2010ರ ಕೊನೆಯಿಂದ 2020ರವರೆಗೆ ತಯಾರಾದ ಟೊಯೊಟಾ ಇಟಿಯಾಸ್ ಇದಕ್ಕೆ ತಿರುಗುಮುರುಗು. ಸ್ಪೀಡೋಮೀಟರನ್ನು ಡ್ಯಾಷ್‌ಬೋರ್ಡಿನ ನಡುವೆ ಇಟ್ಟಿದ್ದರು. ಒಳಗಿನ ಪ್ಲಾಸ್ಟಿಕ್ಕು ಸಾದಾ. ಷೋರೂಮಿನಲ್ಲಿ ನಿಂತು ನೋಡಿದ ಅನೇಕರು ಮೂಗು ಮುರಿದರು. ಆದರೆ ಹಿಂದಿನ ಸೀಟಿನ ಕೆಳಗೆ ನೆಲ ಸಮತಟ್ಟಾಗಿತ್ತು, ಮೂವರು ಕಾಲು ಚಾಚಬಹುದಿತ್ತು, ಡಿಕ್ಕಿ 595 ಲೀಟರ್. ಟ್ಯಾಕ್ಸಿಯವರು ಅದನ್ನು ಬಿಡಲಿಲ್ಲ. ದಿನವಿಡೀ ಹಿಂದೆ ಜನರನ್ನು ಕೂರಿಸಿಕೊಂಡು ದುಡಿಯುವವರಿಗೆ ಕಾರಿನ ಬೆಲೆ ಎಲ್ಲಿದೆ ಎಂಬುದು ತಿಳಿದಿತ್ತು.

ಇನ್ನು ಓಡಿಸುವ ಮಾತು. ಮೊದಲ ಕೆಲಸ, ಹಾಡು ನಿಲ್ಲಿಸಿ. ಮಾರಾಟದ ಹುಡುಗ ಮಾತು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಎಂಜಿನ್ನಿನ ನಡುಕ, ಟಯರಿನ ಸದ್ದು, ಬಾಗಿಲಿನ ಕಿರುಗುಟ್ಟುವಿಕೆ ಎಲ್ಲವನ್ನೂ ಮುಚ್ಚುವುದಕ್ಕಾಗಿಯೇ ಹಾಡು ಅಷ್ಟು ಜೋರಾಗಿರುತ್ತದೆ. ಎರಡನೆಯದು, ಕೊಳ್ಳುವ ಗಾಡಿಯನ್ನೇ ಓಡಿಸಬೇಕು. ಷೋರೂಮಿನಲ್ಲಿ ನಿಲ್ಲಿಸಿರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ದರ್ಜೆಯ ಆಟೋಮ್ಯಾಟಿಕ್. ಗಿರಾಕಿ ಬಿಲ್ ಹಾಕಿಸುವುದು ನಡುವಿನ ದರ್ಜೆಯ ಮ್ಯಾನುಯಲ್. ಎರಡಕ್ಕೂ ಚಕ್ರದ ಅಳತೆ ಬೇರೆ, ಟಯರ್ ಬೇರೆ, ಹಳ್ಳಕ್ಕೆ ಬಿದ್ದಾಗ ಆಗುವ ಏಟೂ ಬೇರೆ. ಸಹಿ ಮಾಡಿಸಿಕೊಳ್ಳುವ ಕಾಗದವನ್ನೂ ಓದುವುದು ಲೇಸು. ದಾರಿಯಲ್ಲಿ ಏನಾದರೂ ಆದರೆ ಖರ್ಚು ಯಾರದು ಎಂಬುದು ಅದರಲ್ಲಿರುತ್ತದೆ.

ಮೂರನೆಯ ಮಾತನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕಾರಿನ ತುಂಬ ಜನ ಕೂರಬೇಕು. ಒಬ್ಬನೇ ಓಡಿಸಿದಾಗ ಹಾರುವ 1.2 ಲೀಟರ್ ಎಂಜಿನ್ ನಾಲ್ವರು ಕೂತು, ಡಿಕ್ಕಿ ತುಂಬಿ, ಎ.ಸಿ. ಹಾಕಿದಾಗ ಬೇರೆಯೇ ಪ್ರಾಣಿ. ಹಾಸನದ ಊರೊಳಗೆ ಶಿರಾಡಿ ಇಲ್ಲ ನಿಜ. ಆದರೆ ಒಂದು ಮೇಲ್ಸೇತುವೆಯ ಏರೋ, ಊರ ಹೊರಗಿನ ದಿಣ್ಣೆಯೋ ಸಿಗುತ್ತದೆ. ಅಲ್ಲಿ ನಡುವೆ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಹಿಂದಕ್ಕೆ ಜಾರದಂತೆ ತಡೆಯುವ ಸೌಕರ್ಯ ಕೆಲಸ ಮಾಡುತ್ತದೆಯೇ, ಮೊದಲ ಗೇರಿನಿಂದ ಎರಡನೆಯದಕ್ಕೆ ಹಾಕಿದ ಕೂಡಲೇ ಉಸಿರು ಬಿಡುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಟರ್ಬೊ ಇರುವ ಒಂದು ಲೀಟರಿನ ಎಂಜಿನ್‌ಗಳು ವೇಗ ಹಿಡಿದ ಮೇಲೆ ಸೊಗಸು. ಆದರೆ ಕೆಳಗಿನ ಸುತ್ತಿನಲ್ಲಿ, ಲಾರಿಯ ಹಿಂದೆ ನಿಂತುನಿಂತು ಏರುವಾಗ, ಒಂದು ಕ್ಷಣ ಯೋಚಿಸಿ ಆಮೇಲೆ ಎಳೆಯುತ್ತವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಸುತ್ತಿ ಚಾರ್ಮಾಡಿಯಲ್ಲಿ ಇಳಿಯಬೇಕು. ಅಲ್ಲಿನ ತಿರುವುಗಳಲ್ಲಿ ಆ ಒಂದು ಕ್ಷಣಕ್ಕೆ ಬೆಲೆಯಿದೆ.

ಗೇರು ಬದಲಿಸುವ ಕಷ್ಟ ಬೇಡವೆನ್ನುವವರು ‘ಆಟೋಮ್ಯಾಟಿಕ್’ ಎಂಬ ಒಂದೇ ಪದದಲ್ಲಿ ನಾಲ್ಕು ಬಗೆಯ ಯಂತ್ರಗಳಿವೆ ಎಂಬುದನ್ನು ಮರೆಯಬಾರದು. ಅಗ್ಗದ ಎಎಂಟಿ ಎಂದರೆ ಮ್ಯಾನುಯಲ್ ಗೇರನ್ನೇ ಯಂತ್ರದ ಕೈ ಬದಲಿಸುವುದು. ಪ್ರತಿ ಬದಲಾವಣೆಗೂ ಕಾರಿನೊಳಗಿನವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಾರೆ. ಡಿಜೈರ್‌ನಲ್ಲಿರುವುದು ಇದು. ಅಮೇಜ್‌ನ ಸಿವಿಟಿಯಲ್ಲಿ ಆ ಕುಲುಕಾಟವಿಲ್ಲ, ಆದರೆ ಜೋರಾಗಿ ತುಳಿದರೆ ಎಂಜಿನ್ ಕೂಗುತ್ತದೆ, ಕಾರು ನಿಧಾನವಾಗಿ ಹಿಂಬಾಲಿಸುತ್ತದೆ. ಟಾರ್ಕ್ ಕನ್ವರ್ಟರ್, ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್ ಇನ್ನೂ ನಯ, ಇನ್ನೂ ದುಬಾರಿ. ಇದರ ತೀರ್ಪನ್ನೂ ಹಿಂದೆ ಕೂತವರೇ ಕೊಡಲಿ. ಸೊಸೆಯ ಹೊಟ್ಟೆಗೆ ತಲೆಯಾಡಿಸುವ ಗೇರು ಒಗ್ಗದಿದ್ದರೆ ಮ್ಯಾನುಯಲ್ಲೇ ವಾಸಿ.

ರಸ್ತೆಯ ಉಬ್ಬುಗಳು ನಮ್ಮ ನಾಡಿನ ಸೆಡಾನ್‌ಗಳ ಅಗ್ನಿಪರೀಕ್ಷೆ. ಯಾವ ಎಂಜಿನಿಯರೂ ಬರೆಯದ, ಊರವರೇ ರಾತ್ರೋರಾತ್ರಿ ಹಾಕಿಸಿದ ಉಬ್ಬುಗಳಿವೆ. ಕೈಪಿಡಿಯಲ್ಲಿ ನೆಲದಿಂದ 163 ಮಿ.ಮೀ. ಎಂದೋ 179 ಎಂದೋ ಬರೆದಿರುವುದು ಸಾಮಾನ್ಯವಾಗಿ ಖಾಲಿ ಗಾಡಿಯ ಲೆಕ್ಕ. ಜನ ಕೂತಾಗ ಗಾಡಿ ಕುಸಿಯುತ್ತದೆ, ಅದರಲ್ಲೂ ಹಿಂಭಾಗ. ಆದ್ದರಿಂದ ಮನೆಯ ಬೀದಿಯ ಕೆಟ್ಟ ಉಬ್ಬೊಂದರ ಮೇಲೆ, ತುಂಬಿದ ಗಾಡಿಯನ್ನು, ನಿಧಾನವಾಗಿ ದಾಟಿಸಿ ನೋಡಬೇಕು. ‘ಸರ್, ಆ ಕಡೆ ರೋಡ್ ಸರಿ ಇಲ್ಲ’ ಎಂದು ಹುಡುಗ ಹೇಳಿದರೆ, ಹೋಗಬೇಕಾದದ್ದು ಆ ಕಡೆಗೇ. ಮನೆಯ ಗೇಟಿನ ಇಳಿಜಾರಿನಲ್ಲಿ ಮುಂದಿನ ಬಂಪರ್ ತಾಗುತ್ತದೆಯೇ ಎಂಬುದನ್ನೂ ಅದೇ ಸುತ್ತಿನಲ್ಲಿ ನೋಡಿಬಿಡಬಹುದು.

ಅಜ್ಜಿಯನ್ನು ಮುಂದೆ, ಸೊಸೆಯನ್ನು ಹಿಂದೆ ಕೂರಿಸಿದ ಮೇಲೆ ಇಬ್ಬರಿಗೂ ಬೆಲ್ಟು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮತ್ತು ಜೊತೆಗಿದ್ದ ಒಬ್ಬರು ತೀರಿಕೊಂಡರು. ಇಬ್ಬರೂ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಮುಂದೆ ಕೂತಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಉಳಿದರು. ಗಾಡಿ ಸಾಧಾರಣದ್ದಲ್ಲ, ದುಬಾರಿ ಮರ್ಸಿಡಿಸ್. ಹಿಂದಿನವರೂ ಬೆಲ್ಟ್ ಹಾಕಬೇಕೆಂಬ ನಿಯಮ ಆಗಲೇ ಇತ್ತು. ಆದ್ದರಿಂದ ಟೆಸ್ಟ್ ಡ್ರೈವ್‌ನಲ್ಲಿ ಹಿಂದಿನ ಬೆಲ್ಟನ್ನು ಎಳೆದು ಹಾಕಿ ನೋಡಬೇಕು. ಕೊಂಡಿ ಸೀಟಿನೊಳಗೆ ಹೂತು ಹೋಗಿ ಕೈಗೆ ಸಿಗದಂತಿದ್ದರೆ ದಿನವೂ ಯಾರು ಹುಡುಕುತ್ತಾರೆ? ನಡುವೆ ಕೂರುವವರಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯೇ, ತಲೆಗೆ ಆಸರೆ ಇದೆಯೇ? ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಗಳ ಫಲಿತಾಂಶವೂ ಈಗ ಸಿಗುತ್ತದೆ. ಸ್ಲಾವಿಯಾ, ವರ್ಟಸ್, ವೆರ್ನಾ 2023ರಲ್ಲಿ, ಡಿಜೈರ್ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದವು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಶುರುವಾಗಿದೆ. ಬೆಲ್ಟ್ ಹಾಕದವರಿಗೆ ಆ ನಕ್ಷತ್ರಗಳು ಬೆಳಕು ಕೊಡುವುದಿಲ್ಲ.

‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಯಿಲ್ಲದೆ ಕಾರಿನ ಮಾತು ಮುಗಿಯುವುದಿಲ್ಲ. ಕಂಪೆನಿ ಹೇಳುವ ಮೈಲೇಜು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಓಡಿಸಿ ಪಡೆದದ್ದು. ವೇಗ ಗಂಟೆಗೆ 90 ಕಿ.ಮೀ. ದಾಟಿರುವುದಿಲ್ಲ, ಎ.ಸಿ. ಹಾಕಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿಸುವ ಮನೆಗೆ ಲೀಟರಿಗೆ 15 ಕೊಡುವ ಕಾರಿಗೂ 18 ಕೊಡುವ ಕಾರಿಗೂ ಅಂತರ 111 ಲೀಟರ್; ಲೀಟರಿಗೆ 100 ರೂಪಾಯಿ ಹಿಡಿದರೆ 11 ಸಾವಿರ. ಅದೇ 10 ಲಕ್ಷ ಸಾಲವನ್ನು ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಟ್ಟಿದರೆ ತಿಂಗಳಿಗೆ 20,758 ರೂಪಾಯಿ, ಏಳು ವರ್ಷಕ್ಕೆ ಕಟ್ಟಿದರೆ 16,089. ಕಂತು ಹಗುರವಾಯಿತೆಂದು ಏಳು ವರ್ಷ ಆರಿಸಿಕೊಂಡವರು ಹೆಚ್ಚಾಗಿ ತೆರುವ ಬಡ್ಡಿ ಒಂದು ಲಕ್ಷ ದಾಟುತ್ತದೆ. ಮೈಲೇಜಿನ ಬಗ್ಗೆ ಒಂದು ಗಂಟೆ ವಾದಿಸಿದವರು ಬಡ್ಡಿಯ ಕಾಗದಕ್ಕೆ ಒಂದು ನಿಮಿಷದಲ್ಲಿ ಸಹಿ ಹಾಕುವುದುಂಟು.

ಬೆಲೆ 10 ಲಕ್ಷದ ಆಸುಪಾಸಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇ 14, ಅದನ್ನು ದಾಟಿ 20 ಲಕ್ಷದವರೆಗೆ ಶೇ 17, ಸೆಸ್ ಬೇರೆ. ಹೆಚ್ಚಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. 9 ಲಕ್ಷ 90 ಸಾವಿರದ ಕಾರಿಗೆ ತೆರಿಗೆ 1,38,600 ರೂಪಾಯಿ. 10 ಲಕ್ಷ 10 ಸಾವಿರದ ಕಾರಿಗೆ 1,71,700. ಇಪ್ಪತ್ತು ಸಾವಿರದ ಹೊಳೆಯುವ ಚಕ್ರ ಹಾಕಿಸಿಕೊಂಡವರು ತೆರಿಗೆಯಲ್ಲಿ ಮೂವತ್ತಮೂರು ಸಾವಿರ ಕೊಟ್ಟಂತಾಯಿತು. 10 ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಆದಾಯ ತೆರಿಗೆಯನ್ನೂ ಷೋರೂಮಿನವರು ಹಿಡಿಯುತ್ತಾರೆ. ಅದನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಬಹಳಷ್ಟು ಮಂದಿ ಮರೆಯುತ್ತಾರೆ. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗೆ ವಿಚಾರಿಸಿ ಬಂದು ಅಂಕಿ ತೋರಿಸಿದರೆ ಒಳಗಿನ ಅಂಕಿಯೂ ಇಳಿಯುವುದನ್ನು ಕಾಣಬಹುದು.

ಹಾಸನದ ಮನೆಯವರು ಮೂರು ಷೋರೂಮು ಸುತ್ತಿದ ಮೇಲೆ ಯಜಮಾನರ ಮನಸ್ಸು ನಾಲ್ಕೂವರೆ ಮೀಟರಿನ ಟರ್ಬೊದಲ್ಲೇ ಇದೆ. ಹೆಂಡತಿಗೂ ಅದರ ಹಿಂದಿನ ಸೀಟು ಹಿಡಿಸಿದೆ. ಅಜ್ಜಿಗೆ ಮಾತ್ರ ಅದರ ಮುಂದಿನ ಸೀಟಿನಿಂದಲೂ ಕೈ ಹಿಡಿಯದೆ ಏಳಲು ಆಗಲಿಲ್ಲ. ಗೆರೆಯ ಒಳಗಿನ ಒಂದು ಕಾರಿನಿಂದ ಅವರು ಬಾಗಿಲ ಕಂಬ ಹಿಡಿದು, ತಾವಾಗಿಯೇ, ಎರಡು ಸಲ ಎದ್ದರು. ಡಿಕ್ಕಿಯಲ್ಲಿ ವಾಕರ್ ಓರೆಯಾಗಿ ಕೂತಿತು, ಒಂದು ಸೂಟ್‌ಕೇಸ್ ಮಡಿಲಿಗೆ ಬಂತು. ಎಂಜಿನ್ನಿಗೆ ಏರಿನಲ್ಲಿ ಎರಡನೆಯ ಗೇರು ಬೇಕಾಯಿತು. ಯಜಮಾನರು ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ‘ನಾಳೆ ಮತ್ತೊಂದು ಸಲ ಗಾಡಿ ಕೊಡಿ, ಸಕಲೇಶಪುರದವರೆಗೆ ಹೋಗಿ ಬರಬೇಕು’ ಎಂದು ಕೇಳುತ್ತಾರೆ. ಹುಡುಗ ಮ್ಯಾನೇಜರ್ ಕಡೆ ನೋಡುತ್ತಾನೆ. ಹೀಗೆ ಕೇಳುವುದು ಗಿರಾಕಿಯ ಹಕ್ಕು. ಕೊಡದಿದ್ದರೆ ಅದೇ ಕಾರಿನ ಇನ್ನೊಬ್ಬ ವಿತರಕ ಪಕ್ಕದ ಊರಿನಲ್ಲಿರುತ್ತಾನೆ.

ಯಾವುದನ್ನೇ ಆರಿಸಿದರೂ ಬಾಕಿ ಹಣ ಕಟ್ಟುವ ಮುನ್ನ, ನೋಂದಣಿಗೆ ಕಳಿಸುವ ಮುನ್ನ, ತಮಗೆಂದು ಬಂದ ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಮಾರಾಟ ಪ್ರಮಾಣಪತ್ರವಾದ ನಮೂನೆ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ; 2325 ಎಂದರೆ 2025ರ 23ನೇ ವಾರದ ಟಯರ್. ಐದರಲ್ಲೂ ಓದಬೇಕು. ಸ್ಟೆಪ್ನಿ ಉಳಿದವಕ್ಕಿಂತ ಸಣ್ಣದಿರಬಹುದು, ಅದು ಮೋಸವಲ್ಲ. ಆದರೆ ಅದನ್ನು ಹಾಕಿಕೊಂಡು ಘಾಟಿ ಇಳಿಯುವಾಗ ವೇಗದ ಮಿತಿ ನೆನಪಿರಬೇಕು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ: ಗಾಡಿ ಖಾಲಿಯಿದ್ದಾಗ ಗಾಳಿ ಎಷ್ಟು, ತುಂಬಿದಾಗ ಎಷ್ಟು. ಮಂಗಳೂರಿಗೆ ಹೊರಡುವ ಹಿಂದಿನ ಸಂಜೆ ಹಿಂದಿನ ಎರಡು ಚಕ್ರಗಳಿಗೆ ಆ ಎರಡನೆಯ ಅಂಕಿಯಷ್ಟು ಗಾಳಿ ಹಾಕಿಸಬೇಕು.